ಅಟ್ಟದ ಮೇಲಿನ ವಿಶ್ವಕೋಶ

ಓದುಗರು ಕೇಳಿದ್ದು, ನಾವು ಹೇಳುವುದು

ಹಳೆಯ ವಿಶ್ವಕೋಶಗಳ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಅಜ್ಜನ ಕಾಲದ ಬ್ರಿಟಾನಿಕಾ ವಿಶ್ವಕೋಶ ಅಟ್ಟದ ಮೇಲೆ ಸಿಕ್ಕಿದೆ, 29 ಸಂಪುಟ. ರದ್ದಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ನಿಜವಾದ ಬೆಲೆ ಎಷ್ಟಿರಬಹುದು? (ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಬೆಲೆಯ ಮಾತಿಗಿಂತ ಮೊದಲು ಅದು ಯಾವ ಆವೃತ್ತಿ ಎಂದು ಗೊತ್ತುಮಾಡಿಕೊಳ್ಳಿ. ಬೆನ್ನಿನ ಮೇಲಿನ ಅಕ್ಷರ ನಂಬಬೇಡಿ. ಎಷ್ಟೋ ಸಂಪುಟಗಳಿಗೆ ನಡುವೆ ಒಮ್ಮೆ ಹೊಸ ರಟ್ಟು ಬಿದ್ದಿರುತ್ತದೆ. ಒಳಗಿನ ಶೀರ್ಷಿಕೆ ಪುಟವೇ ಸಾಕ್ಷಿ. 29 ಸಂಪುಟ ಎಂದರೆ ಬಹುಮಟ್ಟಿಗೆ 1910–11ರ ಹನ್ನೊಂದನೆಯ ಆವೃತ್ತಿ. ಅದರಲ್ಲಿ 28 ಸಂಪುಟ ಲೇಖನಗಳು, 29ನೆಯದು ಸೂಚಿ. ಇಸವಿಯನ್ನು ರೋಮನ್ ಅಂಕಿಯಲ್ಲಿ ಹಾಕಿದ್ದರೆ ಗಾಬರಿಯಾಗಬೇಡಿ, ಒಂದೊಂದೇ ಅಕ್ಷರ ಬಿಡಿಸಿ ಓದಿ. 

ಸಂಪುಟಗಳ ಸಂಖ್ಯೆಯನ್ನೇ ನಂಬಿ ಮೋಸಹೋಗುವವರು ಬಹಳ. 1922ರ ಹನ್ನೆರಡನೆಯ ಆವೃತ್ತಿ ಎಂದರೆ ಇದೇ 29 ಸಂಪುಟಗಳಿಗೆ ಮೂರು ಪುರವಣಿ ಸಂಪುಟ ಸೇರಿಸಿದ್ದು, ಒಟ್ಟು 32. 1926ರ ಹದಿಮೂರನೆಯದೂ ಹಾಗೆಯೇ ಹಳೆಯ ಮೈಗೆ ಹೊಸ ಬಾಲ. 1929ರ ಹದಿನಾಲ್ಕನೆಯದು 24 ಸಂಪುಟಗಳ ಬೇರೆಯೇ ಪುಸ್ತಕ. ಇತ್ತ 1985ರ ನಂತರದ ಹದಿನೈದನೆಯ ಆವೃತ್ತಿಯೂ 32 ಸಂಪುಟ. ಬೆನ್ನಿನ ಮೇಲೆ ‘ಮೈಕ್ರೋಪೀಡಿಯಾ’, ‘ಮ್ಯಾಕ್ರೋಪೀಡಿಯಾ’ ಎಂದಿದ್ದರೆ ಅದು ಈ ಹೊಸದು. ಅಜ್ಜನದಲ್ಲ, ಅಪ್ಪನ ಕಾಲದ್ದು.

ಇನ್ನು ಕಾಗದ ಮುಟ್ಟಿ ನೋಡಿ. ಹನ್ನೊಂದನೆಯ ಆವೃತ್ತಿ ಎರಡು ಬಗೆಯ ಕಾಗದದಲ್ಲಿ ಬಂತು. ಒಂದು ಸಾಧಾರಣ ದಪ್ಪ ಕಾಗದ. ಇನ್ನೊಂದು ‘ಇಂಡಿಯಾ ಪೇಪರ್’ ಎಂಬ ಬಹಳ ತೆಳುವಾದ, ಆದರೆ ಗಟ್ಟಿಯಾದ ಕಾಗದ. ಸಾವಿರದ ಹತ್ತಿರ ಪುಟಗಳಿದ್ದರೂ ಸಂಪುಟದ ದಪ್ಪ ಸುಮಾರು ಒಂದು ಇಂಚು ಮಾತ್ರ. ಹಾಳೆ ಬೇಗ ಮಡಚಿಕೊಳ್ಳುತ್ತದೆ. ಮಡಚಿದ ಮೂಲೆಗಳನ್ನು ಬೆರಳಿನಿಂದ ತಿಕ್ಕಿ ಸರಿಮಾಡಲು ಹೋಗಬೇಡಿ. ಮೇಲೆ ಕೆಳಗೆ ಬಿಳಿ ಕಾಗದ ಇಟ್ಟು, ಭಾರ ಹೇರಿ ಎರಡು ದಿನ ಬಿಡಿ.

ಆಮೇಲೆ ಸಂಪುಟ ಪೂರ್ತಿ ಇದೆಯೇ ಎಂದು ಪರೀಕ್ಷಿಸಿ. ಮೊದಲು ಕಾಣೆಯಾಗುವುದು ಮಡಚಿಟ್ಟ ನಕ್ಷೆಗಳು ಮತ್ತು ನುಣುಪು ಕಾಗದದ ಚಿತ್ರಪುಟಗಳು. ಶಾಲೆಯ ಗೋಡೆಗೆಂದು, ಮಕ್ಕಳ ವಹಿಗೆಂದು ಕಿತ್ತವರು ಕಡಿಮೆಯಲ್ಲ. ಹೊಲಿಗೆಯ ಸಂದಿಯಲ್ಲಿ ಹರಿದ ಕಾಗದದ ಅಂಚು ಉಳಿದಿದ್ದರೆ ಅಲ್ಲೊಂದು ಹಾಳೆ ಹೋಗಿದೆ ಎಂದೇ ಅರ್ಥ.

ಈಗ ಬೆಲೆಯ ಮಾತು. ನೇರವಾಗಿ ಹೇಳಬೇಕೆಂದರೆ ದೊಡ್ಡ ಮೊತ್ತ ಬರುವುದಿಲ್ಲ. ಈ ಆವೃತ್ತಿಯನ್ನು ಭಾರೀ ಸಂಖ್ಯೆಯಲ್ಲಿ ಮುದ್ರಿಸಿದರು, ಇಡೀ ಪಠ್ಯ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಸಾಗಿಸುವ ಖರ್ಚು ಬೇರೆ. ಆದರೂ ಕಿಲೋ ಲೆಕ್ಕದಲ್ಲಿ ಕೊಡಬೇಡಿ. ಅದರ ಬೆಲೆ ಬೇರೆ ಕಡೆ ಇದೆ. ಲೇಖನಗಳ ಕೊನೆಗೆ ಬರೆದವರ ಹೆಸರಿನ ಮೊದಲಕ್ಷರಗಳಿವೆ. ಪ್ರತಿ ಸಂಪುಟದ ಆರಂಭದಲ್ಲಿ ಆ ಅಕ್ಷರಗಳು ಯಾರವು ಎಂಬ ಪಟ್ಟಿ ಇದೆ. ಯಾರು, ಯಾವ ಹುದ್ದೆಯಲ್ಲಿ ಕೂತು, ಏನು ಬರೆದರು ಎಂಬುದು ಒಂದು ಸಾಮ್ರಾಜ್ಯದ ಮನಸ್ಸನ್ನು ತೆರೆದು ತೋರಿಸುತ್ತದೆ.

ನಿಮ್ಮ ಊರಿನಿಂದಲೇ ಶುರುಮಾಡಿ. ಹುಬ್ಬಳ್ಳಿ 13ನೆಯ ಸಂಪುಟದಲ್ಲಿ, ಗದಗ 11ರಲ್ಲಿ, ಧಾರವಾಡ 8ರಲ್ಲಿ ಇದೆ. ಧಾರವಾಡವನ್ನು ‘ಧಾರ್ವಾರ್’ ಎಂದು ಹುಡುಕಬೇಕು. ಹುಬ್ಬಳ್ಳಿಯ ಜನಸಂಖ್ಯೆ ಸುಮಾರು 60 ಸಾವಿರ ಎಂದಿದೆ. ಪುಸ್ತಕ 1910–11ರದ್ದು, ಅಂಕಿ 1901ರ ಜನಗಣತಿಯದು. ವಿಶ್ವಕೋಶದಲ್ಲಿ ಪುಸ್ತಕದ ವಯಸ್ಸೂ ಮಾಹಿತಿಯ ವಯಸ್ಸೂ ಒಂದೇ ಅಲ್ಲ. ಈ ಒಂದು ಮಾತು ನೆನಪಿದ್ದರೆ ಯಾವ ಹಳೆಯ ವಿಶ್ವಕೋಶವನ್ನಾದರೂ ಧೈರ್ಯವಾಗಿ ಓದಬಹುದು. ಮೇರಿ ಕ್ಯೂರಿಯ ಹೆಸರನ್ನೂ ಹುಡುಕಿ ನೋಡಿ. 1903ರಲ್ಲೇ ನೊಬೆಲ್ ಪಡೆದು, 1911ರಲ್ಲಿ ಎರಡನೆಯದನ್ನೂ ಪಡೆದ ಆ ವಿಜ್ಞಾನಿಗೆ ಸ್ವಂತ ಲೇಖನವಿಲ್ಲ. ಗಂಡನ ಲೇಖನದೊಳಗೆ ನಾಲ್ಕು ಮಾತಿನಲ್ಲಿ ಮುಗಿಸಿದ್ದಾರೆ.

ಬ್ರಿಟಾನಿಕಾದ 1771ರ ಮೊದಲ ಆವೃತ್ತಿ, ಮೂರು ಸಂಪುಟ, ಮಾರಾಟಕ್ಕಿದೆ ಎಂದು ಒಬ್ಬರು ಚಿತ್ರ ಕಳಿಸಿದ್ದಾರೆ. ಹಾಳೆಯ ಮೇಲೆ ಕಂದು ಕಲೆಗಳೂ ಇವೆ. ಅಸಲಿ ಇರಬಹುದೇ? (ಪುಸ್ತಕ ಸಂಗ್ರಾಹಕರು, ಧಾರವಾಡ)

ಕಲೆ ಇದೆ ಎಂಬುದೇ ಅನುಮಾನಕ್ಕೆ ಕಾರಣವಾಗಲಿ. ಮೊದಲ ಆವೃತ್ತಿಯ ಇನ್ನೂರು ವರ್ಷದ ನೆನಪಿಗೆ 1968ರಿಂದ ಅದರ ಪಡಿಯಚ್ಚು ಹೊರಬಂತು. ಹಳೆಯ ಕಾಗದದ ಕಲೆಗಳನ್ನೂ ಸಮೇತ ಅಚ್ಚುಹಾಕಿದ್ದರು. ಮಾರುವವರಿಗೇ ಇದು ಗೊತ್ತಿಲ್ಲದಿರಬಹುದು.

ಅಸಲಿಯನ್ನು ಎಡಿನ್‌ಬರೋದಲ್ಲಿ ಮುದ್ರಕ ಕಾಲಿನ್ ಮ್ಯಾಕ್‌ಫರ್ಕರ್ ಮತ್ತು ಕೆತ್ತನೆಗಾರ ಆಂಡ್ರೂ ಬೆಲ್ ಹೊರತಂದರು, ವಿಲಿಯಂ ಸ್ಮೆಲಿ ಸಂಪಾದಿಸಿದರು. 1768ರ ಡಿಸೆಂಬರಿನಿಂದ 1771ರವರೆಗೆ ನೂರು ಕಂತುಗಳಲ್ಲಿ ಬಂದು, ಆಮೇಲೆ ಮೂರು ಸಂಪುಟವಾಯಿತು. ಅದರ 160 ಚಿತ್ರಗಳನ್ನು ಬೆಲ್ ತಾಮ್ರದ ತಗಡಿನ ಮೇಲೆ ಕೆತ್ತಿದ್ದ. ನಿಮ್ಮ ಪರೀಕ್ಷೆ ಅಲ್ಲಿಂದಲೇ ಆರಂಭವಾಗಲಿ. ತಾಮ್ರದ ತಗಡನ್ನು ಒದ್ದೆ ಕಾಗದದ ಮೇಲೆ ಬಲವಾಗಿ ಒತ್ತುವುದರಿಂದ ಚಿತ್ರದ ಸುತ್ತ ಚೌಕಾಕಾರದ ತಗ್ಗು ಬೀಳುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯುತ್ತದೆ. ಪಡಿಯಚ್ಚಿನಲ್ಲಿ ಪುಟ ಸಪಾಟಾಗಿರುತ್ತದೆ. ಎರಡನೆಯದಾಗಿ, ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಕೈಯಿಂದ ಮಾಡಿದ ಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳು, ಅವುಗಳಿಗೆ ಅಡ್ಡವಾಗಿ ಸುಮಾರು ಒಂದೊಂದು ಇಂಚಿಗೆ ದಪ್ಪ ಗೆರೆ ಕಾಣಬೇಕು. ಮೂರನೆಯದು ಕಲೆ. ನಿಜವಾದ ಕಲೆ ಕಾಗದದೊಳಗೆ ಇಳಿದಿರುತ್ತದೆ, ಹಿಂದಿನ ಪುಟದಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ಅಚ್ಚಿನ ಕಲೆ ಮೇಲ್ಮೈಯಲ್ಲೇ ನಿಂತಿರುತ್ತದೆ. ಭೂತಗನ್ನಡಿ ಹಿಡಿದರೆ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಚಿತ್ರ ನೋಡಿ ದುಡ್ಡು ಕಳಿಸಬೇಡಿ.

ಅಸಲಿಯ ಒಂದು ಲಕ್ಷಣ ಹೇಳಲೇಬೇಕು. ಮೊದಲ ಸಂಪುಟ ಪೂರ್ತಿ ‘ಎ’ ಮತ್ತು ‘ಬಿ’ ಎರಡೇ ಅಕ್ಷರಗಳಿಗೆ ಹೋಯಿತು. ಉಳಿದ ಇಡೀ ವರ್ಣಮಾಲೆಯನ್ನು ಎರಡು ಸಂಪುಟಗಳಲ್ಲಿ ತುರುಕಿದರು. ಕಂತಿನಲ್ಲಿ ಬರುವ ಕೋಶಗಳ ಹಣೆಬರಹವೇ ಇದು. ಹುರುಪು, ದುಡ್ಡು, ಕಾಗದ ಎಲ್ಲ ಆರಂಭದಲ್ಲಿ ಧಾರಾಳವಾಗಿರುತ್ತವೆ.

ಚಾಲುಕ್ಯರ ಕಾಲದಲ್ಲಿ ನಮ್ಮ ಕಡೆಯೇ ವಿಶ್ವಕೋಶಗಳು ಹುಟ್ಟಿದವು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಇದು ಅಭಿಮಾನದ ಮಾತೋ, ಆಧಾರವಿದೆಯೋ? (ನಿವೃತ್ತ ಶಿಕ್ಷಕರು, ಗದಗ)

ಆಧಾರ ಗಟ್ಟಿಯಾಗಿದೆ. ಕಲ್ಯಾಣದ ಚಾಲುಕ್ಯರ ಆಸ್ಥಾನದಿಂದ ನೂರು ವರ್ಷದ ಅಂತರದಲ್ಲಿ ಎರಡು ದೊಡ್ಡ ಕೃತಿಗಳು ಬಂದಿವೆ.

ಮೊದಲನೆಯದು ಕನ್ನಡದ ‘ಲೋಕೋಪಕಾರ’, ಸುಮಾರು 1025ರದ್ದು. ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ ಬರೆದದ್ದು. ಹನ್ನೆರಡು ಅಧ್ಯಾಯಗಳಲ್ಲಿ ಜ್ಯೋತಿಷ, ಮನೆ ಕಟ್ಟುವುದು, ಅಂತರ್ಜಲ ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧ, ಅಡಿಗೆ, ಮನುಷ್ಯರ ಮತ್ತು ದನಕರುಗಳ ವೈದ್ಯ, ವಿಷವೈದ್ಯ, ಶಕುನ ಎಲ್ಲ ಬರುತ್ತವೆ. ಒಕ್ಕಲುತನದ ಮನೆಯೊಂದಕ್ಕೆ ಏನೇನು ಬೇಕೋ ಅದು.

ಎರಡನೆಯದು ಸಂಸ್ಕೃತದ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಹೆಸರು. ಬರೆದವನು ಸ್ವತಃ ದೊರೆ, ಮೂರನೆಯ ಸೋಮೇಶ್ವರ. ಗ್ರಂಥದಲ್ಲೇ ಗ್ರಹಗಣಿತದ ಲೆಕ್ಕಕ್ಕೆ ಶಕ 1051ನ್ನು ಹಿಡಿದಿರುವುದರಿಂದ ಕಾಲ ಕ್ರಿ.ಶ. 1129ರ ಸುಮಾರು ಎಂದು ಹೇಳಬಹುದು. ಇಪ್ಪತ್ತು ಅಧ್ಯಾಯಗಳ ಐದು ‘ವಿಂಶತಿ’ಗಳು, ಒಟ್ಟು ನೂರು. ರಾಜ್ಯ ಪಡೆಯುವುದು, ಪಡೆದದ್ದನ್ನು ಉಳಿಸಿಕೊಳ್ಳುವುದು, ಅನುಭವಿಸುವುದು, ವಿನೋದ, ಕ್ರೀಡೆ ಎಂದು ಕ್ರಮ. ಆನೆ ಹಿಡಿಯುವುದರಿಂದ ಮೀನಿಗೆ ಎರೆ ಹಾಕುವವರೆಗೆ, ಸ್ನಾನದಿಂದ ತಾಂಬೂಲದವರೆಗೆ ವಿವರ ಇದೆ. ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ 1925, 1939, 1961ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಹುಡುಕುವವರು ಈ ಮೂರೂ ಬೇಕೆಂದು ಕೇಳಿ; ಮೊದಲನೆಯದನ್ನಷ್ಟೇ ಕೊಟ್ಟು ಪೂರ್ತಿ ಎನ್ನುವವರಿದ್ದಾರೆ.

ಇವು ಆ ಕಾಲದಲ್ಲೇ ಏಕೆ ಬಂದವು? ನಿಮ್ಮ ಊರಿನ ಸುತ್ತಲೇ ಉತ್ತರವಿದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು 1007ರಲ್ಲಿ, ಲೋಕೋಪಕಾರಕ್ಕಿಂತ ಹದಿನೆಂಟು ವರ್ಷ ಮೊದಲು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಹೆಸರಾದವಳೂ ಆಕೆಯೇ. ಒಂದು ಗ್ರಂಥದ ಸಾವಿರ ಪ್ರತಿ ಎಂದರೆ ಓಲೆ ಹದಮಾಡುವವರು, ಬರೆಯುವವರು, ತಿದ್ದುವವರು, ಕೊಂಡುಹೋಗಿ ಇಟ್ಟುಕೊಳ್ಳುವ ಬಸದಿ-ಮನೆಗಳು ಎಲ್ಲ ಇದ್ದವೆಂದೇ ಲೆಕ್ಕ. ಅಗ್ರಹಾರಗಳು, ಐಯಾವೊಳೆ ಐನೂರ್ವರಂಥ ವ್ಯಾಪಾರಿ ಸಂಘಗಳು, ತೆರಿಗೆಯ ಲೆಕ್ಕ ಇಡುವ ಕರಣಿಕರು ಇದ್ದ ನಾಡಿನಲ್ಲಿ ತಿಳಿವಳಿಕೆ ಹತ್ತು ಕಡೆ ಚದುರಿ ಬೆಳೆಯುತ್ತದೆ. ಒಂದೆಡೆ ಕೂಡಿಸುವ ಅಗತ್ಯ ಆಗ ಹುಟ್ಟುತ್ತದೆ. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಧರ್ಮಶಾಸ್ತ್ರಕ್ಕೆ ಮಾಡಿದ್ದೂ ಇಂಥದ್ದೇ ಕೆಲಸ. ಅವನ ‘ಮಿತಾಕ್ಷರ’ವನ್ನು ಬ್ರಿಟಿಷ್ ಕೋರ್ಟುಗಳೂ ಆಸ್ತಿ ಪಾಲಿನ ತಕರಾರುಗಳಲ್ಲಿ ಹಿಡಿದು ನಡೆದವು.

ಹೆಮ್ಮೆಯ ಜತೆಗೆ ಓದುವ ಎಚ್ಚರವೂ ಬೇಕು. ಲೋಕೋಪಕಾರದಲ್ಲಿ ಇಡ್ಲಿ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವುದು. ಅಕ್ಕಿ ಇಲ್ಲ. ಇಂದಿನ ಅಳತೆಯಿಂದ ಅದನ್ನು ತಿದ್ದಲು ಹೋಗಬಾರದು. ಮತ್ತು ಅಲ್ಲಿ ‘ಮೆಣಸು’ ಎಂದರೆ ಕರಿಮೆಣಸು. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಕೂತು ಓದುವವರಿಗೆ ಇದು ಹೊಳೆಯುವುದಿಲ್ಲ, ಆದರೆ ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಜತೆ ಬಂದದ್ದು 1500ರ ನಂತರ. ‘ಚಾಲುಕ್ಯರ ಕಾಲದ ಪಾಕ’ ಎಂದು ಯಾರಾದರೂ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ ಹಾಕಿ ಬರೆದಿದ್ದರೆ ಅದು ಮೂಲದಲ್ಲಿಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು.

ನೀರಿನ ಅಧ್ಯಾಯಕ್ಕೂ ಇದೇ ಮಾತು. ಹುತ್ತ, ಕೆಲವು ಮರ, ಮಣ್ಣಿನ ಬಣ್ಣ ನೋಡಿ ನೀರು ಹೇಳುವ ಈ ವಿದ್ಯೆ ವರಾಹಮಿಹಿರನ ಬೃಹತ್ಸಂಹಿತೆಯ ಪರಂಪರೆಯದು. ಅಲ್ಲಿ ಆಳವನ್ನು ‘ಪುರುಷ’ ಎಂಬ ಆಳಿನ ಲೆಕ್ಕದಲ್ಲಿ ಹೇಳುತ್ತಾರೆ. ಅದು ಕೈಯಿಂದ ತೋಡುವ ಬಾವಿಯ ಆಳ. ನೂರಾರು ಅಡಿ ಇಳಿಯುವ ಬೋರ್‌ವೆಲ್ಲಿನ ಜಾಗಕ್ಕೆ ಅದನ್ನು ಆಧಾರ ಮಾಡಿಕೊಂಡರೆ ದುಡ್ಡು ಹೋಗುತ್ತದೆ, ಗ್ರಂಥಕ್ಕೂ ಕೆಟ್ಟ ಹೆಸರು.

ಮಾನಸೋಲ್ಲಾಸದ ಸಂಗೀತದ ಭಾಗದಲ್ಲಿ ಒಂದು ಬಂಗಾರದ ತುಣುಕಿದೆ. ಯಾವ ಹಾಡು ಎಲ್ಲಿ ಎಂದು ಹೇಳುತ್ತ ದೊರೆ ತ್ರಿಪದಿಯನ್ನು ಕುಟ್ಟುವ ಕೆಲಸಕ್ಕೆ, ಷಟ್ಪದಿಯನ್ನು ಕಥೆಗೆ, ಧವಲವನ್ನು ಮದುವೆಗೆ ಹೊಂದಿಸುತ್ತಾನೆ. ಒಂಬತ್ತು ನೂರು ವರ್ಷದ ಹಿಂದೆ ಒನಕೆ ಹಿಡಿದ ಹೆಣ್ಣುಮಕ್ಕಳ ಹಾಡು ಅರಮನೆಯ ಗ್ರಂಥದಲ್ಲಿ ದಾಖಲಾಗಿದೆ. ಉತ್ತರ ಕರ್ನಾಟಕದ ಗರತಿಯರ ಹಾಡನ್ನು ಬಲ್ಲವರಿಗೆ ಇದಕ್ಕಿಂತ ದೊಡ್ಡ ದಾಖಲೆ ಬೇಡ.

ಲೋಕೋಪಕಾರ ಬರೆದ ಚಾವುಂಡರಾಯನೇ ಗೊಮ್ಮಟನನ್ನು ಮಾಡಿಸಿದವನೇ? (ವಿದ್ಯಾರ್ಥಿನಿ, ಮುಂಡರಗಿ)

ಅಲ್ಲ. ಶ್ರವಣಬೆಳಗೊಳದ ಚಾವುಂಡರಾಯ ಗಂಗರ ಮಂತ್ರಿ. ಅವನ ‘ಚಾವುಂಡರಾಯ ಪುರಾಣ’ 978ರದ್ದು, ಗದ್ಯ. ಲೋಕೋಪಕಾರದವನು ಚಾಲುಕ್ಯರ ಕವಿ, ಬರೆದದ್ದು ಪದ್ಯದಲ್ಲಿ. ಇವನನ್ನು ‘ಎರಡನೆಯ ಚಾವುಂಡರಾಯ’ ಎನ್ನುವುದು ರೂಢಿ. ಪರೀಕ್ಷೆಯಲ್ಲಿ ಹಾಗೆಯೇ ಬರೆಯಿರಿ.

ಆ ಗ್ರಂಥಗಳಲ್ಲಿ ಅಕಾರಾದಿ ಕ್ರಮ ಏಕಿಲ್ಲ? ಹುಡುಕುವುದು ಕಷ್ಟವಲ್ಲವೇ? (ಗ್ರಂಥಪಾಲಕರು, ಹುಬ್ಬಳ್ಳಿ)

ಅವು ಹುಡುಕುವ ಪುಸ್ತಕಗಳಾಗಿರಲಿಲ್ಲ, ಕಲಿಯುವ ಪುಸ್ತಕಗಳಾಗಿದ್ದವು. ಪದ್ಯವಾಗಿದ್ದುದು ಬಾಯಿಪಾಠಕ್ಕೆ. ಅಮರಕೋಶವೂ ವಿಷಯವಾರು ವರ್ಗಗಳಲ್ಲೇ ಇದೆ. ಓಲೆಯ ಪ್ರತಿಯಿಂದ ಪ್ರತಿಗೆ ಗರಿಯ ಅಳತೆ ಬದಲಾಗುವುದರಿಂದ ‘ಇಂಥ ಪುಟ ನೋಡಿ’ ಎನ್ನುವುದಕ್ಕೆ ಅರ್ಥವೇ ಇರಲಿಲ್ಲ. ಅಚ್ಚು ಬಂದಮೇಲೆ ಎಲ್ಲ ಪ್ರತಿಯಲ್ಲೂ ಪುಟ ಒಂದೇ ಆಯಿತು, ಅಕಾರಾದಿಗೆ ಬೆಲೆ ಬಂತು. ಅಕಾರಾದಿಯಲ್ಲಿ ಹೋಳಾದ ವಿಷಯವನ್ನು ಮತ್ತೆ ಜೋಡಿಸಲು ‘ಇದನ್ನೂ ನೋಡಿ’ ಎಂಬ ಸೂಚನೆಗಳು ಬೇಕಾದವು. 1728ರಲ್ಲಿ ಲಂಡನ್ನಿನಲ್ಲಿ ಎಫ್ರಾಯಿಮ್ ಚೇಂಬರ್ಸ್ ತನ್ನ ಎರಡು ಸಂಪುಟದ ಕೋಶದಲ್ಲಿ ಇದನ್ನು ವ್ಯವಸ್ಥಿತವಾಗಿ ಮಾಡಿದ.

ಚೇಂಬರ್ಸನ ಕೋಶವನ್ನು ಫ್ರೆಂಚಿಗೆ ಅನುವಾದಿಸಲು ಹೊರಟ ಕೆಲಸವೇ ಬೆಳೆದು ದಿದರೋ ಮತ್ತು ದಾಲಂಬೇರರ ‘ಆನ್ಸಿಕ್ಲೋಪೆದಿ’ ಆಯಿತು. 1751ರಿಂದ 1772ರವರೆಗೆ 17 ಸಂಪುಟ ಬರಹ, 11 ಸಂಪುಟ ಚಿತ್ರ. ಸೂಜಿ, ಗಾಜು, ನೇಯ್ಗೆ ಮಾಡುವವರ ಕಾರ್ಖಾನೆಗೆ ಹೋಗಿ, ಹತ್ಯಾರಗಳ ಚಿತ್ರ ಬರೆಸಿ, ಕಸುಬುಗಳನ್ನು ತತ್ವಶಾಸ್ತ್ರದ ಪಕ್ಕದಲ್ಲಿ ಕೂರಿಸಿದರು. ಗುಂಡುಸೂಜಿ ಮಾಡುವುದರ 18 ಹಂತಗಳು ಅಲ್ಲಿವೆ. ಇನ್ನು ಆ ‘ನೋಡಿ’ ಸೂಚನೆಗಳನ್ನು ದಿದರೋ ಮೊನಚಾಗಿ ಬಳಸಿದ: ಒಂದು ಲೇಖನದಲ್ಲಿ ಹೇಳಲಾಗದ್ದನ್ನು ಇನ್ನೊಂದಕ್ಕೆ ಬೆರಳು ತೋರಿಸಿ ಹೇಳುವುದು. 1759ರಲ್ಲಿ ಅರಸೊತ್ತಿಗೆ ಪ್ರಕಟಣೆಯ ಪರವಾನಗಿ ಕಿತ್ತುಕೊಂಡಿತು. ಕೆಲಸ ಗುಟ್ಟಾಗಿ ನಡೆಯಿತು. ಮುದ್ರಕ ಲ ಬ್ರೆತೋನ್ ಹೆದರಿ, ದಿದರೋಗೆ ತಿಳಿಸದೆ ಕರಡಿನಲ್ಲಿ ಕತ್ತರಿ ಆಡಿಸಿದ್ದು 1764ರಲ್ಲಿ ಗೊತ್ತಾಯಿತು. ಎಂಟರಿಂದ ಹದಿನೇಳರವರೆಗಿನ ಸಂಪುಟಗಳ ಶೀರ್ಷಿಕೆ ಪುಟದಲ್ಲಿ ಪ್ಯಾರಿಸ್ ಬದಲು ಸ್ವಿಟ್ಜರ್ಲೆಂಡಿನ ನೂಶಾಟೆಲ್ ಊರಿನ ಹೆಸರಿದೆ. ಅದು ಮರೆಮಾಚಲು ಹಾಕಿದ ಹೆಸರು. ಗ್ರಂಥಾಲಯದ ಪಟ್ಟಿಯಲ್ಲಿ ಬೇರೆ ಪ್ರಕಾಶನ ಎಂದು ನಮೂದಿಸಬೇಡಿ.

1884ರ ಧಾರವಾಡ ಗ್ಯಾಝೆಟಿಯರ್‌ನಲ್ಲಿ ಹಾವೇರಿ ತಾಲೂಕನ್ನೇ ಬಿಟ್ಟಿದ್ದಾರೆ. ಹಾಳೆ ಹೋಗಿರಬಹುದೇ? (ಸ್ಥಳೀಯ ಇತಿಹಾಸಾಸಕ್ತರು, ಹಾವೇರಿ)

ಹಾಳೆ ಹೋಗಿಲ್ಲ, ತಾಲೂಕಿನ ಹೆಸರು ಬೇರೆ. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ 22ನೆಯ ಸಂಪುಟ ಅದು; ಜಿಲ್ಲೆಯ ವಿಶ್ವಕೋಶವೆಂದೇ ಕರೆಯಬಹುದು. ಆಗಿನ ಹನ್ನೊಂದು ತಾಲೂಕುಗಳು ಧಾರವಾಡ, ಹುಬ್ಬಳ್ಳಿ, ಗದಗ, ನವಲಗುಂದ, ರೋಣ, ಬಂಕಾಪುರ, ಹಾನಗಲ್ಲ, ಕರಜಗಿ, ರಾಣೆಬೆನ್ನೂರ, ಕೋಡ, ಕಲಘಟಗಿ. ಹಾವೇರಿ ಸುತ್ತಲಿನದನ್ನು ಕರಜಗಿಯಲ್ಲಿ, ಶಿಗ್ಗಾಂವಿಯದನ್ನು ಬಂಕಾಪುರದಲ್ಲಿ, ಹಿರೇಕೆರೂರಿನದನ್ನು ಕೋಡದಲ್ಲಿ ನೋಡಿ. ಲಕ್ಷ್ಮೇಶ್ವರ ಆಗ ಮೀರಜ ಸಂಸ್ಥಾನದ್ದು, ಸವಣೂರು ನವಾಬರದು. ತಾಲೂಕಿನ ಪಟ್ಟಿಯಲ್ಲಿ ಅವು ಸಿಗುವುದಿಲ್ಲ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಊರಿನ ಹೆಸರಿಗೆ ಕೊನೆಯ ‘ಸ್ಥಳಗಳು’ ಅಧ್ಯಾಯವನ್ನು ಮೊದಲು ತೆರೆಯಿರಿ.

ಹಣದ ಲೆಕ್ಕದಲ್ಲಿ ಒಂದು ತೊಡಕಿದೆ. ಪೌಂಡು ಮತ್ತು ರೂಪಾಯಿ ಎರಡನ್ನೂ ಕೊಟ್ಟಿದ್ದಾರೆ, ಆದರೆ ಒಂದು ಪೌಂಡಿಗೆ ಹತ್ತು ರೂಪಾಯಿ ಎಂಬ ಕಾಗದದ ದರದಲ್ಲಿ. 1884ರ ಹೊತ್ತಿಗೆ ರೂಪಾಯಿಯ ಬೆಲೆ ಅದಕ್ಕಿಂತ ಇಳಿದಿತ್ತು. ರೂಪಾಯಿಯ ಅಂಕಿ ಹಿಡಿದುಕೊಳ್ಳಿ, ಪೌಂಡು ಬಿಡಿ. ಜನಸಂಖ್ಯೆ ಹೋಲಿಸುವಾಗ 1872 ಮತ್ತು 1881ರ ಗಣತಿಗಳ ನಡುವೆ 1876–78ರ ಘೋರ ಬರ ಬಂದುಹೋಗಿದೆ ಎಂಬುದು ನೆನಪಿರಲಿ. ಜಾತಿ-ಜನಾಂಗಗಳ ಅಧ್ಯಾಯವನ್ನಂತೂ ಆಳುವವರ ಕಣ್ಣಿನಿಂದ ಬರೆದದ್ದೆಂದೇ ಓದಬೇಕು. ಯಾವ ಸಮುದಾಯ ಹೇಗೆ ಎಂಬುದಕ್ಕೆ ಅದು ಪುರಾವೆಯಲ್ಲ. ಕಲೆಕ್ಟರ್ ಕಚೇರಿ ಅವರನ್ನು ಹೇಗೆ ಕಂಡಿತು ಎಂಬುದಕ್ಕೆ ಪುರಾವೆ.

ಮನ್ಯಾಗ ಮರಾಠಿ ಜ್ಞಾನಕೋಶ ಅದಾವ್ರಿ, ಆದ್ರ ‘ಅ’ ಅಕ್ಷರದ ಸಂಪುಟನ ಇಲ್ಲ. ಮತ್ತ ಮಳಿಗಾಲ ಬಂತಂದ್ರ ಎಲ್ಲಾ ಪುಸ್ತಕಕ್ಕೂ ಬೂಸ್ಟ ಹಿಡೀತದ, ಬೆಳ್ಳಿ ಹುಳ ಬ್ಯಾರೆ. ಏನ್ ಮಾಡೋದ್ರಿ? (ಗೃಹಿಣಿ, ಮಾಳಮಡ್ಡಿ, ಧಾರವಾಡ)

ನಿಮ್ಮಲ್ಲಿ ಒಂದರಿಂದ ಐದರವರೆಗಿನ ಸಂಪುಟಗಳಿವೆಯೇ ನೋಡಿರಿ. ಕೇತ್ಕರರ ಮಹಾರಾಷ್ಟ್ರೀಯ ಜ್ಞಾನಕೋಶದ 23 ಸಂಪುಟಗಳಲ್ಲಿ ಮೊದಲ ಐದು ಪ್ರಸ್ತಾವನಾ ಖಂಡ, ಉದ್ದುದ್ದ ಪ್ರಬಂಧಗಳು. ಅಕಾರಾದಿ ಶುರುವಾಗುವುದೇ ಆರರಿಂದ. ಮುಂಬಯಿ ಪ್ರಾಂತದ ಕಾಲದಲ್ಲಿ ಧಾರವಾಡದ ಓದಿದ ಮನೆಗಳಲ್ಲಿ ಮರಾಠಿ ಪುಸ್ತಕಗಳಿರುವುದು ಸಹಜ.

ಬೂಸ್ಟಿನ ಕಾರಣ ತೇವ. ಗಾಳಿಯ ಆರ್ದ್ರತೆ ಶೇ. 65 ದಾಟಿ ಕೆಲವು ದಿನ ನಿಂತರೆ ಅದು ಏಳುತ್ತದೆ. 45ರಿಂದ 55ರ ನಡುವೆ ಇದ್ದರೆ ಪುಸ್ತಕಕ್ಕೆ ಸುಖ. ಆರ್ದ್ರತೆ ತೋರಿಸುವ ಸಣ್ಣ ಮಾಪಕ ಕಪಾಟಿನಲ್ಲಿ ಇಡಿರಿ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿರಿ, ನಾಲ್ಕು ಇಂಚು ಬಿಡಿರಿ. ಗೆದ್ದಲು ಬರುವುದೂ ಗೋಡೆಯಿಂದಲೇ. ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲಿರಲಿ. ಪುಸ್ತಕಗಳನ್ನು ಬಿಗಿಯಾಗಿ ತುಂಬಬೇಡಿರಿ. ಬೆರಳು ಸುಲಭವಾಗಿ ಹೋಗುವಷ್ಟು ಸಡಿಲವಿರಲಿ.

ಬೂಸ್ಟು ಹಸಿಯಾಗಿದ್ದಾಗ ಒರೆಸಿದರೆ ಕಾಗದದೊಳಗೆ ಮೆತ್ತಿಕೊಳ್ಳುತ್ತದೆ. ಮೊದಲು ಫ್ಯಾನಿನ ಗಾಳಿಗೆ, ನೆರಳಲ್ಲಿ, ಪೂರ್ತಿ ಒಣಗಿಸಿರಿ. ಬಿಸಿಲಿಗಿಟ್ಟರೆ ರಟ್ಟು ಬಾಗುತ್ತದೆ, ಕಾಗದ ಹಳದಿಯಾಗುತ್ತದೆ. ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಬಣ್ಣದ ಬ್ರಶ್ಶಿನಿಂದ ಹೊಲಿಗೆಯ ಕಡೆಯಿಂದ ಹೊರಗೆ ಬರುವಂತೆ ಗುಡಿಸಿರಿ.

ಪುಸ್ತಕ ನೆನೆದೇ ಹೋಗಿದ್ದರೆ 48 ತಾಸಿನೊಳಗೆ ಕೆಲಸವಾಗಬೇಕು. ನುಣುಪು ಕಾಗದದ ಚಿತ್ರಪುಟಗಳನ್ನು ಮೊದಲು ನೋಡಿಕೊಳ್ಳಿರಿ. ಆ ಲೇಪ ನೀರಿಗೆ ಅಂಟಾಗುತ್ತದೆ, ಒಣಗಿದರೆ ಎರಡು ಪುಟ ಒಂದೇ ಹಲಗೆಯಾಗಿ ಮತ್ತೆಂದೂ ಬಿಡುವುದಿಲ್ಲ. ಹಸಿ ಇರುವಾಗಲೇ ಒಂದೊಂದೇ ಬಿಡಿಸಿ ನಡುವೆ ಬಿಳಿ ಕಾಗದ ಇಡಿರಿ. ವರ್ತಮಾನ ಪತ್ರಿಕೆ ಇಟ್ಟರೆ ಮಸಿ ಹತ್ತುತ್ತದೆ.

ಬೆಳ್ಳಿ ಹುಳಕ್ಕೆ ಬೇಕಾದದ್ದು ರಟ್ಟಿನ ಅಂಟು ಮತ್ತು ಕಾಗದದ ಗಂಜಿ. ಅದು ಮೇಲ್ಮೈ ಕೆರೆಯುತ್ತದೆ. ದುಂಡಗಿನ ತೂತು ಕೊರೆಯುವುದು ಬೇರೆ, ಒಂದು ಜೀರುಂಡೆಯ ಮರಿ. ಪುಸ್ತಕ ಕುಟ್ಟಿದಾಗ ಸಣ್ಣ ಹಿಟ್ಟು ಉದುರಿದರೆ ಹುಳ ಇನ್ನೂ ಒಳಗಿದೆ. ಡಾಂಬರು ಗುಳಿಗೆಯಿಂದ ಒಳಗಿನ ಮರಿ ಸಾಯುವುದಿಲ್ಲ, ಅದರ ಹಬೆ ನಿಮಗೇ ಕೆಟ್ಟದ್ದು. ಪುಸ್ತಕವನ್ನು ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಝರಿನಲ್ಲಿ ಎರಡು ವಾರ ಇಡಿರಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿರಿ. ಒಂದು ದಿನ ಹಾಗೇ ಬಿಡದಿದ್ದರೆ ಗಾಳಿಯ ತೇವ ತಣ್ಣನೆಯ ಪುಸ್ತಕದ ಮೇಲೆ ನೀರಾಗಿ ಕೂರುತ್ತದೆ. ಬೇವಿನೆಲೆ ಇಡುವುದಾದರೆ ಪೂರ್ತಿ ಒಣಗಿದ್ದನ್ನು ಬಟ್ಟೆಯಲ್ಲಿ ಕಟ್ಟಿ ಹಲಗೆಯ ಮೂಲೆಗೆ ಇಡಿರಿ. ಹಾಳೆಯ ನಡುವೆ ಇಟ್ಟರೆ ಎಲೆಯ ಆಕಾರದ ಕಲೆ ಕಾಯಂ.

ಹಳೆಯ ಸಂಸ್ಥೆಗಳಿಂದ ಬಂದ ಪುಸ್ತಕದ ಸಂದಿಯಲ್ಲಿ ಬಿಳಿ ಪುಡಿ, ಮುಗ್ಗಲು ವಾಸನೆ ಇದ್ದರೆ ಅದು ಹಿಂದೆ ಎರಚಿದ ಗೆಮಾಕ್ಸಿನ್ ಎಂಬ ಕೀಟನಾಶಕ ಇರಬಹುದು. ಕೈಗವಸು ಇಲ್ಲದೆ ಮುಟ್ಟಬೇಡಿರಿ, ಮಕ್ಕಳ ಕೈಗೆ ಕೊಡಬೇಡಿರಿ.

ಚರ್ಮದ ರಟ್ಟು ಕೆಂಪು ಪುಡಿಯಾಗಿ ಕೈಗೆ ಹತ್ತುತ್ತಿದ್ದರೆ ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್ ಎರಡೂ ಬೇಡ. ಚರ್ಮದೊಳಗೆ ಆಮ್ಲ ಹುಟ್ಟಿ ನಾರು ಸತ್ತಿರುತ್ತದೆ. ಎಣ್ಣೆ ಅದಕ್ಕೆ ಜೀವ ಕೊಡುವುದಿಲ್ಲ, ಒಳಗಿನ ಕಾಗದಕ್ಕೆ ಇಳಿಯುತ್ತದೆ ಅಷ್ಟೇ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿರಿ.

ಶಾಲೆಯ ‘ಜ್ಞಾನಗಂಗೋತ್ರಿ’, ‘ಕನ್ನಡ ವಿಶ್ವಕೋಶ’ಗಳ ರಟ್ಟು ಬಿಟ್ಟಿದೆ. ಬೈಂಡಿಂಗಿಗೆ ಕೊಡಬೇಕೋ, ಹಳೆಯವೆಂದು ತೆಗೆಯಬೇಕೋ? (ಮುಖ್ಯೋಪಾಧ್ಯಾಯರು, ರಾಣೆಬೆನ್ನೂರು)

ತೆಗೆಯಬೇಡಿ. ನಿರಂಜನರು ಸಂಪಾದಿಸಿದ ಏಳು ಸಂಪುಟಗಳ ಜ್ಞಾನಗಂಗೋತ್ರಿ ವಿಷಯವಾರು ಇದೆ; ಕನ್ನಡದಲ್ಲಿ ವಿಜ್ಞಾನವನ್ನು ಹೇಗೆ ಹೇಳಬಹುದು ಎಂಬುದಕ್ಕೆ ಇಂದಿಗೂ ಮೇಲ್ಪಂಕ್ತಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರದ್ದು, ಹದಿನಾಲ್ಕನೆಯದು ಬರುವಾಗ ಹೊಸ ಶತಮಾನ. ಹಾಗಾಗಿ ‘ಅ’ಕಾರದ ಲೇಖನಕ್ಕೂ ಕೊನೆಯ ಅಕ್ಷರಗಳ ಲೇಖನಕ್ಕೂ ಒಂದು ತಲೆಮಾರಿನ ವಯಸ್ಸಿನ ಅಂತರವಿದೆ. ಪ್ರತಿ ಸಂಪುಟದ ರಟ್ಟಿನ ಒಳಗೆ ಅದರ ಮುದ್ರಣದ ವರ್ಷ ಬರೆದ ಚೀಟಿ ಇಡಿ, ಮಕ್ಕಳಿಗೆ ಅದು ಮೊದಲ ಪಾಠ.

ಬೈಂಡರಿಗೆ ಮೂರು ಮಾತು ಬರೆದುಕೊಡಿ. ಅಂಚು ಕತ್ತರಿಸಬಾರದು, ಚಿತ್ರ ಮತ್ತು ಪುಟಸಂಖ್ಯೆ ಹೋಗುತ್ತವೆ. ಹಳೆಯ ಹೊಲಿಗೆ ಗಟ್ಟಿಯಿದ್ದರೆ ಬಿಚ್ಚಬಾರದು, ಬರೀ ರಟ್ಟು ಕೂರಿಸಬೇಕು. ಅಂಟಿಗೆ ಮೈಲುತುತ್ತ ಬೆರೆಸಬಾರದು. ಹುಳಕ್ಕೆಂದು ಬೆರೆಸುವುದು ಹಳೆಯ ರೂಢಿ, ಆದರೆ ತಾಮ್ರದ ಅಂಶ ಕಾಗದವನ್ನು ಬೇಗ ಮುಪ್ಪಾಗಿಸುತ್ತದೆ. ಮೈದಾ ಒಂದು ಪಾಲು, ನೀರು ಐದು ಪಾಲು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಇಪ್ಪತ್ತು ನಿಮಿಷ ಬೇಯಿಸಿದರೆ ಸಾಕು. ಮೂರು ದಿನಕ್ಕಿಂತ ಹೆಚ್ಚು ಇಡಬಾರದು. ಹರಿದ ಹಾಳೆಗೆ ಸೆಲೋಟೇಪ್ ಮಾತ್ರ ಬೇಡವೇ ಬೇಡ. ಪ್ಲಾಸ್ಟಿಕ್ ಉದುರಿ ಹೋಗುತ್ತದೆ, ಕಂದು ಅಂಟು ಒಳಗೇ ಉಳಿಯುತ್ತದೆ.

ದೇವರಮನೆಯಲ್ಲಿ ತಾಳೆಗರಿಯ ಕಟ್ಟು ಇದೆ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಎಂದು ಹಿರಿಯರು ಹೇಳುತ್ತಾರೆ. ಓದಬಹುದೇ? ಯಾರಿಗೆ ತೋರಿಸಬೇಕು? (ಓದುಗರು, ಲಕ್ಷ್ಮೇಶ್ವರ)

ವಿವೇಕಚಿಂತಾಮಣಿ 15ನೆಯ ಶತಮಾನದ ಕನ್ನಡ ಗದ್ಯಕೋಶ, ಹತ್ತು ಪರಿಚ್ಛೇದ. ವೇದಾಂತ, ಯೋಗದ ಜತೆ ಸಂಗೀತ, ವೈದ್ಯ, ಭೂಗೋಳವೂ ಬರುತ್ತವೆ. 1604ರಲ್ಲೇ ಮರಾಠಿಗೆ ಹೋದ ಗ್ರಂಥ. ಹೆಸರನ್ನು ಖಚಿತ ಮಾಡಿಕೊಳ್ಳಲು ಪರಿಚ್ಛೇದಗಳ ಕೊನೆಯ ಗರಿಗಳನ್ನು ನೋಡಿ. ಅಲ್ಲಿ ಗ್ರಂಥದ ಹೆಸರು ಬರುತ್ತದೆ. ಕಟ್ಟಿನ ಕಟ್ಟಕಡೆಗೆ ಕೆಲವೊಮ್ಮೆ ಪ್ರತಿ ಮಾಡಿದವರ ಹೆಸರು, ಸಂವತ್ಸರ, ತಿಥಿ ಇರುತ್ತವೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಶಕವರ್ಷ ಇಲ್ಲದಿದ್ದರೆ ಅದೊಂದರಿಂದಲೇ ಇಸವಿ ಹೇಳಬಾರದು.

ಬಿಚ್ಚುವ ಮೊದಲು ಗರಿ ಬಾಗುತ್ತದೆಯೋ ಮುರಿಯುತ್ತದೆಯೋ ಎಂದು ಅಂಚಿನಲ್ಲಿ ಮೆಲ್ಲಗೆ ನೋಡಿ. ಮುರಿಯುವಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಅರಿಸಿನ-ಕುಂಕುಮ ಹಚ್ಚುವುದನ್ನು, ಹತ್ತಿರ ದೀಪ ಹಚ್ಚುವುದನ್ನು ನಿಲ್ಲಿಸಿ. ಪೂಜೆಗೆ ಕಟ್ಟಿನ ಮೇಲಿನ ಬಟ್ಟೆ ಸಾಕು. ಗರಿ ಅಂಟಿಕೊಂಡಿದ್ದರೆ ಚಾಕು ಹಾಕಿ ಎಬ್ಬಿಸಬೇಡಿ. ಅಕ್ಷರ ಕಾಣದಿದ್ದರೆ ಅದು ಅಳಿಸಿಹೋಗಿದೆ ಎಂದಲ್ಲ. ಕಂಠ ಎಂಬ ಚೂಪಾದ ಕಬ್ಬಿಣದ ಲೇಖನಿಯಿಂದ ಕೊರೆದ ಗೆರೆಯಲ್ಲಿ ಮಸಿ ಹೋಗಿದೆ ಅಷ್ಟೇ. ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಓದಲು ಬರುತ್ತದೆ, ಮೊಬೈಲಿನಲ್ಲಿ ಚಿತ್ರವೂ ಚೆನ್ನಾಗಿ ಬರುತ್ತದೆ. ಮಸಿ ತುಂಬುವುದು, ಹುಲ್ಲೆಣ್ಣೆ ಸವರುವುದು ಬಲ್ಲವರ ಕೆಲಸ, ಮನೆಯಲ್ಲಿ ಮಾಡಬೇಡಿ.

ಒಂದೊಂದು ಗರಿಯ ಎರಡೂ ಬದಿಯ ಚಿತ್ರ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಗರಿಯ ಎಡ ಅಂಚಿನ ಕನ್ನಡ ಅಂಕಿ ಕಾಣುವಂತೆ ಹಿಡಿಯಿರಿ. ಆ ಚಿತ್ರಗಳೊಂದಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಗೆ ಹೋಗಿ ಕೇಳಿ. 1939ರಿಂದ ಇರುವ ಸಂಸ್ಥೆ ಅದು, ಹಸ್ತಪ್ರತಿಗಳ ಸಂಗ್ರಹವೂ ಇದೆ. ಮೊದಲ ಸಲ ಚಿತ್ರ ಮಾತ್ರ ಒಯ್ಯಿರಿ. ಕಟ್ಟು ಮನೆಯಲ್ಲೇ ಇರಲಿ, ಎರಡು ಮರದ ಹಲಗೆಗಳ ನಡುವೆ, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ದಾರದಲ್ಲಿ.